ಜಾಲಿಕಂಟಿಗೆ ಯಾವ ಗರಗಸ?

ಬೀಳು ಬಿದ್ದ ಹೊಲ ಹಸನು ಮಾಡಲು ಹೊರಟವರ ಕೈಗೆ ಇಂದು ಸುಲಭವಾಗಿ ಸಿಗುವ ಸಾಧನ ಚೈನ್ ಸಾ. ಅದನ್ನು ಕೊಳ್ಳುವ ಮುನ್ನ ಮನೆಯವರೆಲ್ಲ ಕೂತು ಹಾಕಬೇಕಾದ ಕೆಲವು ಲೆಕ್ಕಗಳು ಇಲ್ಲಿವೆ. ಇವುಗಳಲ್ಲಿ ಹೆಚ್ಚಿನವು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಾಚೆಗೆ ಹೋಗುವುದಿಲ್ಲ.

ನಿಡಗುಂದಿ ಸೀಮೆಯ ಒಂದು ರೈತರ ಮನೆ. ರಾತ್ರಿ ಊಟದ ಹೊತ್ತು. ಪಿಯುಸಿ ಎರಡನೆಯ ವರ್ಷದಲ್ಲಿ ಓದುವ ಮಗ ಮೊಬೈಲನ್ನು ತಂದೆಯ ಮುಂದೆ ಹಿಡಿದಿದ್ದಾನೆ. "ಅಪ್ಪಾ, ಐವತ್ತೆಂಟು ಸಿಸಿ ಮಷಿನ್. ಬರೇ ಏಳು ಸಾವಿರ. ಎರಡು ದಿನದಾಗ ನಮ್ಮ ಹೊಲದ ಜಾಲಿ ಎಲ್ಲಾ ಸಾಫ್ ಮಾಡ್ತೀನಿ."

ತಂದೆ ಮಾತನಾಡಲಿಲ್ಲ. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಕೈಕಾಲಿಗೆ ಹತ್ತಿದ್ರ ಏನ್ ಮಾಡ್ತಿ?" ಎಂದಳು. ಮೂಲೆಯಲ್ಲಿ ಕೂತಿದ್ದ ಮುತ್ಯಾ ಮಾತ್ರ ನಕ್ಕರು. "ಕಡಿಯೂದು ಎರಡ ದಿನದಾಗ ಆಗತೈತಿ ತಮ್ಮಾ. ಮಳಿ ಬಿದ್ದ ಮ್ಯಾಲೆ ಅದು ಮತ್ತ ಎದ್ದು ನಿಲ್ಲಾಕ ಎಷ್ಟು ದಿನ ಬೇಕು, ಅದನ್ನೂ ಆ ಫೋನಿನಾಗ ನೋಡು."

ಈ ಮಾತುಕತೆ ಒಂದೇ ಮನೆಯದಲ್ಲ. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಎಷ್ಟೋ ಮನೆಗಳಲ್ಲಿ ಇಂಥದೇ ಮಾತು ನಡೆಯುತ್ತದೆ. ಆಲಮಟ್ಟಿ ಅಣೆಕಟ್ಟೆಯ ನೀರು ಎಡದಂಡೆ ಕಾಲುವೆಯಲ್ಲೂ ಮುಳವಾಡ ಏತ ನೀರಾವರಿಯಲ್ಲೂ ಹರಿಯತೊಡಗಿದ ಮೇಲೆ, ಒಂದು ಕಾಲಕ್ಕೆ "ಹೋಗಲಿ ಬಿಡು" ಎಂದು ಬಿಟ್ಟಿದ್ದ ಹೊಲಗಳಿಗೆ ಬೆಲೆ ಬಂದಿದೆ. ದುಡಿಯಲು ಗೋವಾಕ್ಕೂ ಮುಂಬೈಗೂ ಹೋದವರ ಹೊಲಗಳಲ್ಲಿ ಈ ನಡುವೆ ಬೆಳೆದು ನಿಂತದ್ದು ಜಾಲಿಕಂಟಿ. ಹೊಲ ಬೇಕೆಂದರೆ ಕಂಟಿ ಹೋಗಬೇಕು. ಕಂಟಿ ಹೋಗಬೇಕೆಂದರೆ ಗರಗಸ ಬೇಕು. ಯಾವ ಗರಗಸ ಎಂಬುದೇ ಪ್ರಶ್ನೆ.

ಮೊದಲು ಮರವನ್ನು ಓದಿ

ಯಂತ್ರವನ್ನು ಆರಿಸುವ ಮುನ್ನ ಕಡಿಯಬೇಕಾದ ಮರದ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಬಳ್ಳಾರಿ ಜಾಲಿ, ಸರ್ಕಾರಿ ಜಾಲಿ ಎಂದೆಲ್ಲ ಕರೆಸಿಕೊಳ್ಳುವ ಈ ಗಿಡ ನಮ್ಮ ನೆಲದ್ದಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ ಇದರ ತವರು. ಬ್ರಿಟಿಷರ ಕಾಲದಲ್ಲಿ, 1877ರ ಸುಮಾರಿಗೆ ಇದರ ಬೀಜಗಳನ್ನು ಜಮೈಕಾದಿಂದ ತರಿಸಿ ಕಡಪಾ ಸೀಮೆಯಲ್ಲಿ ಬಿತ್ತಲಾಯಿತು. ಬರದ ನಾಡಿಗೆ ಉರುವಲು ಸಿಗಲಿ ಎಂಬುದು ಆಗಿನ ಅರಣ್ಯಾಧಿಕಾರಿಗಳ ಉದ್ದೇಶ. ಸಸ್ಯಶಾಸ್ತ್ರಜ್ಞರು ಬಹುಕಾಲ ಇದನ್ನು ಪ್ರೊಸೊಪಿಸ್ ಜೂಲಿಫ್ಲೋರಾ ಎಂದು ಕರೆದರು. 2022ರಲ್ಲಿ ಈ ಕುಲವನ್ನು ಬೇರೆಬೇರೆಯಾಗಿ ವಿಂಗಡಿಸಿದ ಮೇಲೆ ನೆಲ್ಟುಮಾ ಜೂಲಿಫ್ಲೋರಾ ಎಂಬ ಹೆಸರೂ ಬಂದಿದೆ.

ಗಿಡದ ಗುಣ ಮಾತ್ರ ಹೆಸರಿನೊಂದಿಗೆ ಬದಲಾಗಲಿಲ್ಲ. ಇದರ ಸಿಹಿಯಾದ ಕಾಯಿಗಳನ್ನು ಆಡು, ಕುರಿ, ದನಗಳು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯೊಂದಿಗೆ ಹೊರಬೀಳುತ್ತದೆ, ಗೊಬ್ಬರದ ನಡುವೆಯೇ ಮೊಳೆಯುತ್ತದೆ. ಬೇರು ಬಹಳ ಆಳಕ್ಕಿಳಿದು ನೀರು ಹುಡುಕುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ನೆಲದ ಮಟ್ಟಕ್ಕಿಂತ ತುಸು ಕೆಳಗೆ, ಕಾಂಡವೂ ಬೇರೂ ಸೇರುವ ಗಂಟಿನಲ್ಲಿ ಮಲಗಿರುವ ಮೊಗ್ಗುಗಳು. ಮೇಲೆ ಕಡಿದರೆ ಅವು ಎಚ್ಚರಗೊಳ್ಳುತ್ತವೆ. ಒಂದು ಕಾಂಡ ಇದ್ದ ಕಡೆ ನಾಲ್ಕಾರು ಕಾಂಡಗಳು ಮೇಲೇಳುತ್ತವೆ. ಮುತ್ಯಾ ನಕ್ಕದ್ದು ಇದಕ್ಕೇ.

ಜಾಲಿಯನ್ನು ಬರೀ ವೈರಿಯೆಂದು ತಿಳಿಯುವುದೂ ಸರಿಯಲ್ಲ. ಇದು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ದ್ವಿದಳ ಗಿಡಗಳ ಬಳಗದ್ದು. ಕಟ್ಟಿಗೆ ಗಟ್ಟಿ, ಉರಿ ಜೋರು, ಇದ್ದಿಲು ಚೆಂದ. ಗ್ಯಾಸ್ ಬರುವುದಕ್ಕೆ ಮೊದಲು ನಮ್ಮ ಭಾಗದ ಎಷ್ಟೋ ಒಲೆಗಳು ಉರಿದದ್ದು ಇದರಿಂದಲೇ. ಬೇಡವಾದ ಜಾಗದಲ್ಲಿ ಬೆಳೆದಿದೆ ಎಂಬುದಷ್ಟೇ ಇದರ ತಪ್ಪು.

ಇಲ್ಲಿ ಇನ್ನೊಂದು ಎಚ್ಚರಿಕೆ. ದಸರೆಯಲ್ಲಿ ಬಂಗಾರವೆಂದು ಹಂಚುವ ಬನ್ನಿಯನ್ನೂ ಸಸ್ಯಶಾಸ್ತ್ರಜ್ಞರು ಪ್ರೊಸೊಪಿಸ್ ಎಂದೇ ಕರೆಯುತ್ತ ಬಂದಿದ್ದಾರೆ. ಜಾಲಿಗೆ ಅದು ದೂರದ ಸಂಬಂಧಿ. ಎಳೆಯ ಗಿಡದಲ್ಲಿ ಎಲೆ, ಮುಳ್ಳುಗಳನ್ನು ನೋಡಿ ಗೊಂದಲವಾಗುವುದುಂಟು. ಬನ್ನಿ ನಮ್ಮ ನೆಲದ್ದು, ನಿಧಾನವಾಗಿ ಬೆಳೆಯುವಂಥದ್ದು. ಹೊಲದ ಬದುವಿನ ಮೇಲಿರುವ ಬನ್ನಿ, ಬೇವು, ಕರಿಜಾಲಿ, ಹುಣಸೆಗಳಿಗೆ ಮೊದಲೇ ಸುಣ್ಣದ ಗುರುತು ಹಾಕಿಡಬೇಕು. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ವಿಜಯಪುರ ಒಂದು. ಇಲ್ಲಿ ಗಿಡ ಕಡಿಯುವ ಯಂತ್ರ ತರುವವರು, ಯಾವುದನ್ನು ಕಡಿಯಬಾರದು ಎಂಬ ಪಟ್ಟಿಯನ್ನೂ ಜೊತೆಗೆ ತರಬೇಕಾಗುತ್ತದೆ.

ಕಾನೂನಿನ ಮಾತೂ ಇದೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಸ್ವಂತ ಹೊಲದ ಮರವಾದರೂ ಕೆಲವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡರೆ ಮುಂದಿನ ತೊಂದರೆ ತಪ್ಪುತ್ತದೆ. ಹಿನ್ನೀರಿನ ಅಂಚು, ಗೋಮಾಳ, ರಸ್ತೆಯ ಪಕ್ಕ, ಕಾಲುವೆಯ ದಂಡೆ ಇವು ಯಾರ ಸ್ವಂತದ್ದೂ ಅಲ್ಲ. ಅಲ್ಲಿಯ ಗಿಡಕ್ಕೆ ಕೈ ಹಾಕುವಂತಿಲ್ಲ.

ಎಲುಬಿನಿಂದ ಕಟ್ಟಿಗೆಗೆ

ಚೈನ್ ಸಾ ಹುಟ್ಟಿದ್ದು ಕಾಡಿನಲ್ಲಲ್ಲ ಎಂದರೆ ಮಕ್ಕಳಿಗೆ ಆಶ್ಚರ್ಯವಾದೀತು. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬ ವೈದ್ಯ ಎಲುಬು ಕೊಯ್ಯಲು ಒಂದು ಉಪಕರಣ ಮಾಡಿದ. ಹಲ್ಲುಗಳಿರುವ ಸಣ್ಣ ಸರಪಣಿಯೊಂದು ಪಟ್ಟಿಯ ಸುತ್ತ ತಿರುಗುತ್ತಿತ್ತು, ತಿರುಗಿಸಲು ಕೈಹಿಡಿಕೆ ಇತ್ತು. ಸುತ್ತಿಗೆ ಮತ್ತು ಉಳಿಯ ಪೆಟ್ಟಿಲ್ಲದೆ ಎಲುಬು ಕತ್ತರಿಸುವುದು ಅದರ ಉದ್ದೇಶ.

ಮರಕ್ಕೆ ಈ ವಿದ್ಯೆ ಬಂದದ್ದು ಸುಮಾರು ನೂರು ವರ್ಷಗಳ ನಂತರ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಸಾ ತಯಾರಿಸಿದ, 1929ರಲ್ಲಿ ಪೆಟ್ರೋಲಿನದ್ದು ಬಂತು. ಅವನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಒಬ್ಬನೇ ಹಿಡಿದು ನಡೆಸುವಂಥದ್ದು ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ.

ಇನ್ನೊಂದು ಕಥೆ ಅಮೆರಿಕದ್ದು. ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನಿಗೆ ಗರಗಸದ ಹಲ್ಲು ಮೇಲಿಂದ ಮೇಲೆ ಮೊಂಡಾಗುವುದು ದೊಡ್ಡ ತಲೆನೋವಾಗಿತ್ತು. 1946ರಲ್ಲಿ ಒಂದು ದಿನ ಮರದ ಬೊಡ್ಡೆಯನ್ನು ಕೊರೆಯುತ್ತಿದ್ದ ದುಂಬಿಯ ಹುಳುವನ್ನು ಅವನು ಕೂತು ನೋಡಿದ. ಹುಳುವಿನ ದವಡೆಗಳು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ್ದವು. ಅದು ಮರವನ್ನು ಗೀಚದೆ ಎಡಕ್ಕೂ ಬಲಕ್ಕೂ ಚಕ್ಕೆಗಳಾಗಿ ಎಬ್ಬಿಸುತ್ತಿತ್ತು. ಅದೇ ಆಕಾರದಲ್ಲಿ ಉಕ್ಕಿನ ಹಲ್ಲು ಮಾಡಿ, ಎಡಕ್ಕೊಂದು ಬಲಕ್ಕೊಂದು ಸರಪಣಿಯಲ್ಲಿ ಜೋಡಿಸಿದ. ಇಂದಿನ ಚೈನುಗಳಲ್ಲಿ ಕಾಣುವುದು ಬಹುಮಟ್ಟಿಗೆ ಅದೇ ಹಲ್ಲು.

ವೇಗದ ಲೆಕ್ಕ

ಈಗ ಪೆನ್ಸಿಲ್ ಹಿಡಿಯೋಣ. ಮಧ್ಯಮ ಗಾತ್ರದ ಒಂದು ಯಂತ್ರದಲ್ಲಿ ಚೈನನ್ನು ಎಳೆಯುವ ಹಲ್ಲುಗಾಲಿಗೆ ಏಳು ಹಲ್ಲುಗಳಿವೆ ಎಂದುಕೊಳ್ಳಿ. ಚೈನಿನ ಅಳತೆ ಒಂದು ಅಂಗುಲದ ಎಂಟನೆಯ ಮೂರು ಭಾಗ. ಇದಕ್ಕೆ ಪಿಚ್ ಎನ್ನುತ್ತಾರೆ. ಗಾಲಿಯ ಒಂದು ಹಲ್ಲು ಮುಂದೆ ಸಾಗಿದರೆ ಚೈನು ಈ ಅಳತೆಯ ಎರಡರಷ್ಟು, ಅಂದರೆ ಸುಮಾರು 19 ಮಿಲಿಮೀಟರ್ ಸರಿಯುತ್ತದೆ. ಏಳು ಹಲ್ಲಿನ ಒಂದು ಪೂರ್ತಿ ಸುತ್ತಿಗೆ 133 ಮಿಲಿಮೀಟರ್. ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಸುತ್ತು. 150 ಮತ್ತು 133 ಗುಣಿಸಿದರೆ ಚೈನಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಗಂಟೆಗೆ 72 ಕಿಲೋಮೀಟರ್!

ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗದಲ್ಲಿ ಚೂಪಾದ ಹಲ್ಲುಗಳ ಸಾಲೊಂದು ಕೈಯಿಂದ ಒಂದು ಗೇಣು ದೂರದಲ್ಲಿ ಓಡುತ್ತಿರುತ್ತದೆ. ಕಣ್ಣು ಅಪಾಯವನ್ನು ಕಂಡು, ಮಿದುಳು ಆಜ್ಞೆ ಕೊಟ್ಟು, ಕೈ ಹಿಂದಕ್ಕೆ ಬರಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ನಾಲ್ಕು ಮೀಟರ್ ಚೈನು ಹಾದುಹೋಗಿರುತ್ತದೆ. "ಹುಷಾರಾಗಿ ಹಿಡಿದರ ಆತು" ಎಂಬ ಮಾತು ಇಲ್ಲಿ ಸಾಲದು ಎನ್ನುವುದು ಇದಕ್ಕೇ. ಮನುಷ್ಯನ ಎಚ್ಚರಕ್ಕಿಂತ ಬೇಗ ಕೆಲಸ ಮಾಡುವ ರಕ್ಷಣೆ ಯಂತ್ರದಲ್ಲೇ ಇರಬೇಕು.

ಅಪಾಯಗಳಲ್ಲಿ ದೊಡ್ಡದು ಕಿಕ್‌ಬ್ಯಾಕ್, ಅಂದರೆ ಯಂತ್ರ ಹಿಂದಕ್ಕೆ ಒದೆಯುವುದು. ಚೈನು ಸುತ್ತುವ ಪಟ್ಟಿಗೆ ಬಾರ್ ಎನ್ನುತ್ತಾರೆ. ಬಾರಿನ ತುದಿಯ ಮೇಲರ್ಧ ಯಾವುದಾದರೂ ಗಟ್ಟಿ ಕೊಂಬೆಗೆ ತಾಗಿದರೆ, ಹಲ್ಲು ಮರವನ್ನು ಕೊಯ್ಯಲಾಗದೆ ಸಿಕ್ಕಿಕೊಳ್ಳುತ್ತದೆ. ಮರವನ್ನು ನೂಕಬೇಕಾಗಿದ್ದ ಬಲ ಯಂತ್ರವನ್ನೇ ಹಿಂದಕ್ಕೆ ನೂಕುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ನ್ಯೂಟನ್ನನ ಮೂರನೆಯ ನಿಯಮ. ಆಗ ಬಾರು ಮೇಲೆದ್ದು ನಡೆಸುವವನ ಮುಖ, ಕುತ್ತಿಗೆಯ ಕಡೆ ಚಿಮ್ಮುತ್ತದೆ. ಒಂದೇ ಕಾಂಡದ ಬೇವಿಗಿಂತ, ಹತ್ತಾರು ಕೊಂಬೆಗಳು ಹೆಣೆದುಕೊಂಡ ಜಾಲಿಯಲ್ಲಿ ಈ ಅಪಾಯ ಹೆಚ್ಚು. ಬಾರಿನ ತುದಿ ಎಲ್ಲಿ ತಾಗುತ್ತಿದೆ ಎಂಬುದು ಒಳಗೆ ಕಾಣುವುದೇ ಇಲ್ಲ.

ಇದಕ್ಕಾಗಿಯೇ 1970ರ ದಶಕದಿಂದ ಚೈನ್ ಬ್ರೇಕ್ ಬಂತು. ಮುಂದಿನ ಹಿಡಿಕೆಯ ಎದುರಿಗಿರುವ ಅಡ್ಡಪಟ್ಟಿ ಕೈಗೆ ತಾಗಿ ಮುಂದಕ್ಕೆ ವಾಲಿದರೆ, ಇಲ್ಲವೆ ಯಂತ್ರ ಒಮ್ಮೆಲೆ ಚಿಮ್ಮಿದರೆ, ಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿ ಚೈನು ನಿಂತುಬಿಡುತ್ತದೆ. ಈ ಬ್ರೇಕ್ ಇಲ್ಲದ ಯಂತ್ರ ಪುಕ್ಕಟೆ ಸಿಕ್ಕರೂ ಬೇಡ.

ಎಷ್ಟು ದೊಡ್ಡದು ಬೇಕು?

ಹೆಚ್ಚಿನವರು ಮಾಡುವ ತಪ್ಪು, ಬೇಕಾದುದಕ್ಕಿಂತ ದೊಡ್ಡ ಯಂತ್ರ ತರುವುದು. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರಿನ ಗಾತ್ರ. ಅದು ಯಂತ್ರದ ಶಕ್ತಿಯಲ್ಲ. ಶಕ್ತಿಯನ್ನು ಕಿಲೋವಾಟ್ ಅಥವಾ ಅಶ್ವಶಕ್ತಿಯಲ್ಲಿ ಹೇಳಬೇಕು. ಪೆಟ್ಟಿಗೆಯ ಮೇಲೆ ಸಿಸಿ ಮಾತ್ರ ದೊಡ್ಡದಾಗಿ ಬರೆದು ಕಿಲೋವಾಟೂ ತೂಕವೂ ಬರೆದಿಲ್ಲವಾದರೆ ಕೇಳಿ ತಿಳಿಯಬೇಕು. ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿದರೆ ಎರಡು ಯಂತ್ರಗಳನ್ನು ಹೋಲಿಸುವುದು ಸುಲಭ. ಒಂದು ಕಿಲೋ ಹೆಚ್ಚಿನ ಭಾರ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ರಟ್ಟೆಗೆ ಗೊತ್ತಾಗುತ್ತದೆ. ಸೋತ ರಟ್ಟೆಯೇ ಅರ್ಧ ಅಪಘಾತ.

ಬಾರಿನ ಉದ್ದಕ್ಕೂ ಒಂದು ಸರಳ ಲೆಕ್ಕವಿದೆ. ಹೊಲದ ದಪ್ಪ ಕಾಂಡಗಳನ್ನು ಹುಡುಕಿ ದಾರದಿಂದ ಸುತ್ತಳತೆ ತೆಗೆಯಿರಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. 66 ಸೆಂಟಿಮೀಟರ್ ಸುತ್ತಳತೆಯ ಜಾಲಿಯ ವ್ಯಾಸ ಸುಮಾರು 21 ಸೆಂಟಿಮೀಟರ್. ಬಾರು ಇದಕ್ಕಿಂತ ತುಸು ಉದ್ದವಿದ್ದರೆ ಸಾಕು. 14 ಅಥವಾ 16 ಅಂಗುಲದ, ಅಂದರೆ 35ರಿಂದ 40 ಸೆಂಟಿಮೀಟರಿನ ಬಾರು ಹೊಲದ ಜಾಲಿಗೆ ಧಾರಾಳವಾಯಿತು. ಅದಕ್ಕೆ 35ರಿಂದ 45 ಸಿಸಿಯ ಒಳ್ಳೆಯ ಎಂಜಿನ್ ಸಾಕು. 20, 22 ಅಂಗುಲದ ಬಾರು ಹಳೆಯ ಹುಣಸೆ, ಬೇವಿನ ಬೊಡ್ಡೆ ಕೊಯ್ಯುವ ಕಸುಬಿನವರಿಗೆ. ಬಾರು ಉದ್ದವಾದಷ್ಟೂ ತುದಿ ಕಣ್ಣಿಗೆ ದೂರ, ಕಂಟಿಯೊಳಗೆ ತಾಗುವುದು ಹೆಚ್ಚು.

ಮನೆಯ ಬಳಿ ಸಣ್ಣಪುಟ್ಟ ಕೊಂಬೆ ಸವರಲು ವಿದ್ಯುತ್ ಅಥವಾ ಬ್ಯಾಟರಿ ಯಂತ್ರಗಳೂ ಇವೆ. ಸದ್ದು ಕಡಿಮೆ, ಹೊಗೆಯಿಲ್ಲ. ಊರಿಂದ ದೂರದ ಹೊಲದಲ್ಲಿ ಇಡೀ ದಿನದ ಕೆಲಸಕ್ಕೆ ಮಾತ್ರ ಸದ್ಯ ಪೆಟ್ರೋಲ್ ಯಂತ್ರವೇ ಅನುಕೂಲ.

ನಂಬಿಕೆಯ ಪರೀಕ್ಷೆ

ಯಂತ್ರ ನಂಬಿಗಸ್ತವೇ ಎಂದು ತಿಳಿಯಲು ಹೆಸರು ಕೇಳಿದರೆ ಸಾಲದು. ಕೆಲವು ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಿ ತೋರಿಸುವಂತೆ ಕೇಳಬಹುದು.

ಮೊದಲನೆಯದು, ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಚೈನು ಅಲುಗಬಾರದು. ಒಳಗೆ ಕೇಂದ್ರಾಪಗಾಮಿ ಕ್ಲಚ್ ಇರುತ್ತದೆ. ಎಂಜಿನ್ ಜೋರಾಗಿ ತಿರುಗಿದಾಗ ಅದರ ತುಂಡುಗಳು ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ಜಾತ್ರೆಯ ತಿರುಗುವ ಕುರ್ಚಿಗಳು ಹೊರಕ್ಕೆ ವಾಲುವಂತೆ. ವೇಗ ಕಡಿಮೆಯಾದರೆ ಸ್ಪ್ರಿಂಗು ಅವನ್ನು ಒಳಕ್ಕೆ ಎಳೆಯುತ್ತದೆ, ಚೈನು ನಿಲ್ಲುತ್ತದೆ. ನಿಲ್ಲದಿದ್ದರೆ ಹೊಂದಾಣಿಕೆ ಸರಿಯಿಲ್ಲ.

ಎರಡನೆಯದು, ಚೈನ್ ಬ್ರೇಕ್ ಹಾಕಿದ ಕೂಡಲೇ ಚೈನು ನಿಲ್ಲಬೇಕು. ಮೂರನೆಯದು, ಹಿಡಿಕೆಯ ಮೇಲಿನ ಲಾಕನ್ನು ಅಂಗೈ ಒತ್ತದಿದ್ದರೆ ಆಕ್ಸಿಲರೇಟರ್ ಒತ್ತಲು ಬರಬಾರದು. ನಾಲ್ಕನೆಯದು, ಚೈನು ಕಡಿದರೆ ಹಿಡಿಯುವ ಕೊಕ್ಕೆಯೊಂದು ಬಾರಿನ ಬುಡದಲ್ಲಿರಬೇಕು. ಐದನೆಯದು ಎಣ್ಣೆಯ ಪರೀಕ್ಷೆ. ಬಾರಿನ ತುದಿಯನ್ನು ಬಿಳಿಯ ರಟ್ಟಿನ ಎದುರು ಹಿಡಿದು ವೇಗ ಹೆಚ್ಚಿಸಿದರೆ ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಬೀಳಬೇಕು. ಬೀಳದಿದ್ದರೆ ಪಂಪು ಕೆಲಸ ಮಾಡುತ್ತಿಲ್ಲ. ಎಣ್ಣೆ ಇಲ್ಲದ ಚೈನು ಉಜ್ಜಾಟದಿಂದ ಕಾದು ಬಾರನ್ನೇ ತಿಂದುಹಾಕುತ್ತದೆ. ಆರನೆಯದು, ತಣ್ಣಗಿದ್ದಾಗ ಒಮ್ಮೆ, ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಇನ್ನೊಮ್ಮೆ ಚಾಲೂ ಮಾಡಿ ನೋಡುವುದು. ಬಿಸಿಯಾದಾಗ ಹಟ ಹಿಡಿಯುವ ಯಂತ್ರ ಹೊಲದಲ್ಲೂ ಹಟ ಹಿಡಿಯುತ್ತದೆ.

ಕೈಯಲ್ಲಿ ಹಿಡಿಯುವ ಚೈನ್ ಸಾಗಳ ಸುರಕ್ಷತೆಗೆ ಐಎಸ್ಒ 11681 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಯಂತ್ರದ ಪುಸ್ತಕದಲ್ಲಿ ಅದರ ಉಲ್ಲೇಖವಿದೆಯೇ ನೋಡಬಹುದು. ಪುಸ್ತಕವೇ ಇಲ್ಲದ ಯಂತ್ರವಾದರೆ ಅದೇ ಒಂದು ಉತ್ತರ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ರಿಪೇರಿಯದು. ಅಗ್ಗದ್ದೆಲ್ಲ ಕೆಟ್ಟದ್ದಲ್ಲ, ದುಬಾರಿಯದ್ದೆಲ್ಲ ಒಳ್ಳೆಯದೂ ಅಲ್ಲ. ಆದರೆ ಮೂರು ತಿಂಗಳ ನಂತರ ಹಗ್ಗದ ಸ್ಟಾರ್ಟರ್ ಕಡಿದರೆ ಅದರ ಸಾಮಾನು ನಿಡಗುಂದಿಯಲ್ಲೋ ಬಾಗೇವಾಡಿಯಲ್ಲೋ ಕಡೆಗೆ ವಿಜಯಪುರದಲ್ಲೋ ಸಿಗುತ್ತದೆಯೆ? ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಇದ್ದಾನೆಯೆ? ಈ ಎರಡಕ್ಕೂ "ಹೌದ್ರಿ" ಎಂಬ ಉತ್ತರ ಸಿಕ್ಕ ಯಂತ್ರವೇ ಆ ಊರಿನ ಮಟ್ಟಿಗೆ ನಂಬಿಗಸ್ತ ಯಂತ್ರ. ಕೊಳ್ಳುವ ಮೊದಲು ಅಂಗಡಿಗಿಂತ ಮಿಸ್ತ್ರಿಯ ಬಳಿ ಹೋಗುವುದು ಜಾಣತನ. ಯಾವುದು ಹೆಚ್ಚಾಗಿ ರಿಪೇರಿಗೆ ಬರುತ್ತದೆ, ಯಾವುದರ ಸಾಮಾನು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತದೆ.

ಇಪ್ಪತ್ತು ಮಿಲಿಲೀಟರಿನ ಶಿಸ್ತು

ಕೆಡುವ ಯಂತ್ರಗಳಲ್ಲಿ ಬಹಳಷ್ಟು ಕೆಡುವುದು ಕಂಪನಿಯ ತಪ್ಪಿನಿಂದಲ್ಲ, ಅಳತೆಯ ತಪ್ಪಿನಿಂದ. ಇದರ ಎಂಜಿನ್ ಟೂ ಸ್ಟ್ರೋಕ್. ಕಾರಿನಲ್ಲಿರುವಂತೆ ಎಂಜಿನ್ ಎಣ್ಣೆಗೆ ಬೇರೆ ಕೋಣೆಯಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಜಾರುಗುಣ ಕೊಡಬೇಕು. 50ಕ್ಕೆ 1 ಎಂದು ಪುಸ್ತಕದಲ್ಲಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. 25ಕ್ಕೆ 1 ಎಂದಿದ್ದರೆ 40. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಮಸಿ ಕಟ್ಟುತ್ತದೆ. ಅಂದಾಜಿಗೆ ಸುರಿಯುವ ಬದಲು ಔಷಧಿ ಬಾಟಲಿಯ ಅಳತೆ ಮುಚ್ಚಳ ಬಳಸಿದರಾಯಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬಾರದು. ಹಂಗಾಮು ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ಚೈನಿನ ಹರಿತವನ್ನು ತಿಳಿಯಲು ಕೆಳಗೆ ಬೀಳುವ ಹೊಟ್ಟನ್ನು ನೋಡಿದರೆ ಸಾಕು. ಚಕ್ಕೆ ಬೀಳುತ್ತಿದ್ದರೆ ಹರಿತ, ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮೊಂಡು. ಮೊಂಡಾದಾಗ ಒತ್ತಿ ಕೊಯ್ಯುವುದು ಸಲ್ಲದು, ದುಂಡನೆಯ ಅರದಿಂದ ಮಸೆಯಬೇಕು. ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಕೋನ. ಗಣಿತದ ಪೆಟ್ಟಿಗೆಯ ಕೋನಮಾಪಕದಿಂದ ರಟ್ಟಿನ ಮೇಲೆ ಗೆರೆ ಎಳೆದುಕೊಂಡು ಅದರಂತೆ ಮಸೆಯಬಹುದು. ಕೆಲಸ ಮಾಡುವಾಗ ಚೈನು ಕಾದು ಹಿಗ್ಗುತ್ತದೆ, ಆಗ ಬಿಗಿ ಮಾಡಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಸಡಿಲ ಬಿಡದಿದ್ದರೆ ತಣ್ಣಗಾಗಿ ಕುಗ್ಗುವಾಗ ಬಾರನ್ನೂ ಬೇರಿಂಗನ್ನೂ ಹಿಂಡುತ್ತದೆ. ಲೋಹದ ಉಷ್ಣ ವ್ಯಾಕೋಚನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಧೋತರ ಬೇಡ, ಟವೆಲ್ ಬೇಡ

ಧೋತರ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು ಇವುಗಳೊಂದಿಗೆ ಈ ಯಂತ್ರದ ಬಳಿ ಯಾರೂ ಸುಳಿಯಬಾರದು. ಗಟ್ಟಿ ಬೂಟು, ಕೈಗವಸು, ಹೆಲ್ಮೆಟ್, ಮುಖದ ಜಾಳಿಗೆ, ಕಿವಿಯ ಮುಚ್ಚಳ ಬೇಕೇ ಬೇಕು. ಇದಕ್ಕೆಂದೇ ಸಿಗುವ ಪ್ಯಾಂಟಿನಲ್ಲಿ ಉದ್ದನೆಯ ಗಟ್ಟಿ ನೂಲಿನ ಪದರಗಳಿರುತ್ತವೆ. ಚೈನು ತಾಗಿದರೆ ಆ ನೂಲು ಎಳೆದುಕೊಂಡು ಬಂದು ಹಲ್ಲುಗಾಲಿಗೆ ಸುತ್ತಿ ಯಂತ್ರವನ್ನೇ ನಿಲ್ಲಿಸುತ್ತದೆ.

ಕಿವಿಯ ಮಾತು ಬಂತು. ನಡೆಸುವವನ ಕಿವಿಯ ಬಳಿ ಈ ಸದ್ದು 100 ಡೆಸಿಬಲ್ ದಾಟುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗಲೂ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ ಹೊತ್ತನ್ನು ಅರ್ಧ ಮಾಡಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ, 100ಕ್ಕೆ ಹದಿನೈದು ನಿಮಿಷ. ಕಿವಿ ಮುಚ್ಚದೆ ಇಡೀ ದಿನ ದುಡಿದವನ ಕೇಳುವ ಶಕ್ತಿ ನೋವಿಲ್ಲದೆ, ಸುಳಿವಿಲ್ಲದೆ ಸವೆದುಹೋಗುತ್ತದೆ. ಯಂತ್ರದ ನಡುಕದಿಂದ ವರ್ಷಗಳ ನಂತರ ಬೆರಳುಗಳಿಗೆ ರಕ್ತ ಹರಿಯುವುದು ಕುಂದಿ ಅವು ಬಿಳಿಚಿಕೊಳ್ಳುವ ಕಾಯಿಲೆಯೂ ಇದೆ. ಹಿಡಿಕೆಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇರುವ ಯಂತ್ರವನ್ನೇ ಆರಿಸಬೇಕು.

ಬಾಗಿ ನಿಂತ ಜಾಲಿಯ ಕೊಂಬೆ ಹೆದೆ ಏರಿಸಿದ ಬಿಲ್ಲಿನಂತೆ. ಹೊರಮೈ ಹಿಗ್ಗಿರುತ್ತದೆ, ಒಳಮೈ ಹಿಂಡಿಕೊಂಡಿರುತ್ತದೆ. ಹಿಂಡಿದ ಕಡೆ ಆಳವಾಗಿ ಕೊಯ್ದರೆ ಬಾರು ಸಿಕ್ಕಿಬೀಳುತ್ತದೆ, ಹಿಗ್ಗಿದ ಕಡೆ ಒಮ್ಮೆಲೆ ಕೊಯ್ದರೆ ಕೊಂಬೆ ಮುಖಕ್ಕೆ ಬಡಿಯುತ್ತದೆ. ಇದನ್ನು ಕಣ್ಣಳತೆಯಲ್ಲಿ ಓದಲು ಅನುಭವ ಬೇಕು. ಹೆಗಲಿಗಿಂತ ಮೇಲೆ ಯಂತ್ರ ಎತ್ತುವುದು, ಏಣಿಯ ಮೇಲೆ ನಿಂತು ಕೊಯ್ಯುವುದು, ಒಬ್ಬನೇ ಹೊಲಕ್ಕೆ ಹೋಗುವುದು ಮೂರೂ ಸಲ್ಲದು. ಹದಿನೆಂಟು ತುಂಬದವರ ಕೈಗಂತೂ ಈ ಯಂತ್ರ ಹೋಗಲೇಬಾರದು. ತಂದೆತಾಯಿಗಳು ಈ ಒಂದು ಮಾತಿನಲ್ಲಿ ಸಡಿಲ ಬಿಡಬಾರದು.

ಗರಗಸ ಮುಗಿಸದ ಕೆಲಸ

ಇಷ್ಟೆಲ್ಲ ನೋಡಿ ತಂದ ಯಂತ್ರವೂ ಜಾಲಿಯನ್ನು ಹೊಲದಿಂದ ಕಳಿಸಲಾರದು. ಮೊಗ್ಗುಗಳ ಗಂಟು ನೆಲದೊಳಗಿದೆ. ಅಲ್ಲಿಗೆ ಚೈನು ಇಳಿಸುವಂತಿಲ್ಲ. ಮಣ್ಣಿನಲ್ಲಿರುವ ಗರಸು, ಕಲ್ಲುಹರಳು ತಾಗಿದರೆ ಕ್ಷಣಾರ್ಧದಲ್ಲಿ ಹಲ್ಲುಗಳು ಮೊಂಡು. ಆದ್ದರಿಂದ ಗರಗಸದಿಂದ ಮೇಲಿನ ಕಟ್ಟಿಗೆಯನ್ನು ಇಳಿಸಿ, ಬೊಡ್ಡೆಯನ್ನು ಮೊಣಕಾಲೆತ್ತರ ಬಿಟ್ಟು, ಆಮೇಲೆ ಹಾರೆ, ಗುದ್ದಲಿ, ಇಲ್ಲವೆ ಜೆಸಿಬಿಯಿಂದ ಬೇರಿನ ಗಂಟು ಸಮೇತ ಕೀಳಬೇಕು. ಕನಿಷ್ಠ ಒಂದು ಗೇಣು ಆಳದವರೆಗಿನ ಬೇರು ಹೊರಬರಬೇಕು. ಮೊಣಕಾಲೆತ್ತರದ ಬೊಡ್ಡೆ ಆಗ ಹಿಡಿದು ಎಳೆಯಲು ಸನ್ನೆಕೋಲಾಗುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಕೆಸರು. ನಡುವಿನ ಹದ ನೋಡಿ ಕೆಲಸ ಹಿಡಿಯಬೇಕು. ಮುಂದಿನ ಕೆಲವು ಮಳೆಗಾಲಗಳಲ್ಲಿ ಮಣ್ಣಿನಲ್ಲಿ ಉಳಿದ ಬೀಜಗಳು ಮೊಳೆಯುತ್ತಲೇ ಇರುತ್ತವೆ. ಗೇಣುದ್ದದ ಸಸಿಯನ್ನು ಕೈಯಿಂದ ಕೀಳಬಹುದು, ಎರಡು ವರ್ಷ ಬಿಟ್ಟರೆ ಮತ್ತೆ ಗರಗಸ.

ಮೊದಲಿನ ಮನೆಗೆ ಬರೋಣ. ಹತ್ತನೆಯ ತರಗತಿಯ ತಂಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಒಳ್ಳೆಯ ಯಂತ್ರಕ್ಕೆ 28,000, ಹೆಲ್ಮೆಟ್ಟು, ಬೂಟು, ಪ್ಯಾಂಟಿಗೆ 6,000, ಹೆಚ್ಚಿನ ಚೈನು, ಅರ, ಎಣ್ಣೆಗೆ 3,000. ಒಟ್ಟು 37,000 ರೂಪಾಯಿ. ಯಂತ್ರದೊಂದಿಗೆ ಬರುವ ಅನುಭವಿ ಆಳಿಗೆ ದಿನಕ್ಕೆ 2,000 ಎಂದಿಟ್ಟುಕೊಂಡರೆ ಹದಿನೆಂಟೂವರೆ ದಿನದ ಬಾಡಿಗೆ. ತಮ್ಮ ಎರಡು ಎಕರೆಗೆ ಬೇಕಾದದ್ದು ಆರು ದಿನ, 12,000. "ಅಪ್ಪಾ, ವರ್ಷಾ ಇಷ್ಟು ಕೆಲಸ ಇದ್ರ ಮೂರು ವರ್ಷದಾಗ ನಮ್ಮ ರೊಕ್ಕ ಮುಟ್ಟತೈತಿ. ಒಂದ ಸಲದ ಕೆಲಸಕ್ಕ ಮಷಿನ್ ಬ್ಯಾಡ. ಉಳಿದ ರೊಕ್ಕದಾಗ ಬೇರ ಕೀಳಾಕ ಜೆಸಿಬಿ ಬರತೈತಿ."

ಅಣ್ಣನ ಮುಖ ಸಣ್ಣದಾಯಿತು. ತಂದೆ ಅವನ ಹೆಗಲ ಮೇಲೆ ಕೈಯಿಟ್ಟು, "ಮಷಿನ್ ನೀ ಹಿಡಿಯೂದು ಬ್ಯಾಡ. ಹೊಲದಾಗ ಯಾವ ಗಿಡ ಉಳಿಬೇಕು, ಯಾವುದು ಹೋಗಬೇಕು, ಸುಣ್ಣಾ ಹಚ್ಚೂದು ನಿಂದು. ಮುತ್ಯಾನ್ನ ಕರಕೊಂಡು ಹೋಗು" ಎಂದ.

ಮರುದಿನ ಬೆಳಿಗ್ಗೆ ಮೊಮ್ಮಗ ಸುಣ್ಣದ ಡಬ್ಬಿ ಹಿಡಿದು ಮುಂದೆ, ಮುತ್ಯಾ ಕೋಲು ಊರಿಕೊಂಡು ಹಿಂದೆ ಹೊಲಕ್ಕೆ ನಡೆದರು. ಬದುವಿನ ಮೇಲೆ ಎರಡು ಬೇವು, ಒಂದು ಕರಿಜಾಲಿ. ಕಂಟಿಯ ನಡುವೆ, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಆಳೆತ್ತರ ಬೆಳೆದಿದ್ದ ಒಂದು ಬನ್ನಿ. ಮುತ್ಯಾ ಅದರ ಎಲೆಯನ್ನು ಕಿತ್ತು ಮೊಮ್ಮಗನ ಅಂಗೈಯಲ್ಲಿಟ್ಟು, ಪಕ್ಕದ ಜಾಲಿಯ ಎಲೆಯೊಂದಿಗೆ ಹೋಲಿಸಿ ನೋಡಲು ಹೇಳಿದರು. ಹುಡುಗ ಎರಡನ್ನೂ ಬಹಳ ಹೊತ್ತು ನೋಡಿ, ಬನ್ನಿಯ ಕಾಂಡಕ್ಕೆ ದಪ್ಪಗೆ ಸುಣ್ಣ ಬಳಿದ.